ಧಾರೆ ಸೀರೆಯ ಸುಟ್ಟ ಜಾಗ

ಆ ಮಂಗಳವಾರ ಬೆಳಿಗ್ಗೆ ಕೊಪ್ಪದಲ್ಲಿ ಎದುರಿಗೆ ನಿಂತವರ ಮುಖ ಕಾಣದಷ್ಟು ಮಂಜು. ಹೂಮಳೆ ಬಿದ್ದು ಒಂಬತ್ತು ದಿನವಾಗಿತ್ತು. ಬಸರೀಕಟ್ಟೆ ಕಡೆಯ ತೋಟಗಳಲ್ಲಿ ಕಾಫಿ ಅರಳಿ, ಅದರ ಘಮ ಮಂಜಿನೊಳಗೇ ಸಿಕ್ಕಿಕೊಂಡು ಬಸ್ ಸ್ಟ್ಯಾಂಡಿನ ತನಕ ಬಂದು ನಿಂತಿತ್ತು. ಗಾಳಿ ಒಂದಿಷ್ಟೂ ಇಲ್ಲ. ಬೇರೆ ದಿನವಾಗಿದ್ದರೆ ಆಸಿಫಾ ಮೂಗರಳಿಸಿ ನಿಲ್ಲುತ್ತಿದ್ದಳು. ಅವತ್ತು ಅವಳಿಗೆ ಆ ಘಮದಲ್ಲೂ ರೇಷ್ಮೆ ಸುಟ್ಟ ವಾಸನೆಯೇ ಬಂತು.

ಸುಟ್ಟವಳು ಅವಳೇ. ತಾಯಿ ಜಮೀಲಾ ಇಪ್ಪತ್ತು ವರ್ಷದಿಂದ ಪೇಟೆಯಲ್ಲಿ ಬಟ್ಟೆ ಹೊಲಿಯುತ್ತ ಬಂದವಳು. ಮಗಳು ಈಗ ಜೊತೆಗೆ ಕೂರುತ್ತಾಳೆ. ಪಕ್ಕದ ಮನೆಯ ಗಂಗಾಂಬಿಕಮ್ಮ ತಮ್ಮ ತಾಯಿಯ ಧಾರೆ ಸೀರೆಯನ್ನು ಫಾಲ್ಸ್ ಹೊಲಿದು ಇಸ್ತ್ರಿ ಮಾಡಿ ಕೊಡಿ ಎಂದು ತಂದಿಟ್ಟಿದ್ದರು. ಯುಗಾದಿ ಕಳೆದ ಮೂರನೆಯ ದಿನ ಅವರ ಮಗಳು ಶಿಲ್ಪಶ್ರೀಯ ನಿಶ್ಚಿತಾರ್ಥ. ಅಜ್ಜಿ ಧಾರೆಗೆ ಉಟ್ಟ ಆ ಅರಿಶಿನ ಬಣ್ಣದ ಸೀರೆಯನ್ನೇ ಮೊಮ್ಮಗಳು ಉಡಬೇಕೆಂಬುದು ಮನೆಯವರ ಆಸೆ. ಶುಕ್ರವಾರ ಮಧ್ಯಾಹ್ನ ಆಸಿಫಾ ಇಸ್ತ್ರಿಪೆಟ್ಟಿಗೆ ಹಿಡಿದಿದ್ದಾಗ ಫೋನು ಗುಂಯ್ ಎಂದಿತು. ಅವಳು ಆ ಕಡೆ ನೋಡಿದ್ದು ಒಂದೇ ಗಳಿಗೆ. ಅಷ್ಟರಲ್ಲಿ ಸೆರಗಿನ ಹತ್ತಿರ ಎಂಟಾಣೆ ಅಗಲದ ಕಂದು ಕಲೆ ಬಿದ್ದಿತ್ತು. ಬೆರಳಿಟ್ಟರೆ ಪುಡಿಯಾಗಿ ತೂತಾಯಿತು.

ಜಮೀಲಾ ನೋಡಿದಳು. "ಯಾ ಅಲ್ಲಾ" ಎಂದದ್ದು ಬಿಟ್ಟರೆ ಒಂದು ಮಾತಿಲ್ಲ. ನಾಲ್ಕು ದಿನದಿಂದ ಮಗಳ ಮೇಲೆ ಒಂದು ಬೈಗುಳವೂ ಬೀಳಲಿಲ್ಲ. ಆಸಿಫಾಗೆ ಅದೇ ಚಪ್ಪಲಿಯೊಳಗೆ ಹೊಕ್ಕ ಕಲ್ಲಿನ ಹಾಗೆ ಚುಚ್ಚುತ್ತಿತ್ತು. ಮಂಗಳೂರಿನಲ್ಲಿ ಹರಿದ ರೇಷ್ಮೆಯನ್ನು ನೂಲಿಗೆ ನೂಲು ಕೂಡಿಸಿ ರಫು ಮಾಡುವ ಮುದುಕರೊಬ್ಬರಿದ್ದಾರೆಂದು ಯಾರೋ ಹೇಳಿದ್ದರು. ಈ ವರ್ಷ ಯುಗಾದಿಯೂ ರಂಜಾನ್ ಹಬ್ಬವೂ ಒಂದರ ಬೆನ್ನಿಗೆ ಒಂದು ಬಂದಿದ್ದರಿಂದ, ಹಬ್ಬದ ಬಟ್ಟೆಗೆ ಹೋಗುತ್ತೇವೆ ಎಂದರೆ ಯಾರೂ ಮರುಮಾತು ಕೇಳುವಂತಿರಲಿಲ್ಲ. ಗಂಗಾಂಬಿಕಮ್ಮನಂತೂ ಬೇಲಿಯಾಚೆಯಿಂದಲೇ ಕೂಗಿದ್ದರು: "ಜಮೀಲಕ್ಕಾ, ಸಮುದ್ರ ನೋಡ್ಕೊಂಡು ಬನ್ನಿ ಮಾರಾಯ್ರೆ, ಬರೀ ಅಂಗಡಿ ಸುತ್ತಬೇಡಿ!" ಆ ನಗು ಕೇಳಿ ಆಸಿಫಾ ಒಳಗೆ ಓಡಿದ್ದಳು.

ಬಸ್ಸು ಶೃಂಗೇರಿ ದಾಟಿ ಘಾಟಿ ಇಳಿಯುವಾಗ ಅವಳಿಗೆ ತಡೆಯಲಾಗಲಿಲ್ಲ.

"ಉಮ್ಮಾ, ಒಂದ್ಸಲ ಬೈದು ಬಿಡು. ಹೀಗೆ ಸುಮ್ನೆ ಕೂರ್ಬೇಡ."

"ಉಪವಾಸದಲ್ಲಿ ಬೈಬಾರ್ದು. ಹಬ್ಬ ಆಗ್ಲಿ, ಎಲ್ಲಾ ಸೇರಿಸಿ ಒಟ್ಟಿಗೆ ಬೈತೀನಿ."

"ಗಂಗಮ್ಮಂಗೆ ಹೇಳ್ತೀಯಾ?"

"ಮೊದ್ಲು ಸೀರೆ ಸರಿಯಾಗ್ಲಿ."

"ಸರಿಯಾದ್ರೆ ಹೇಳೋದು ಎಂತಕ್ಕೆ? ಗೊತ್ತೇ ಆಗಲ್ಲ ಅಲ್ವಾ?"

ಜಮೀಲಾ ಕಿಟಕಿಯಾಚೆ ನೋಡಿದಳು. ತುಟಿ ಮಾತ್ರ ಅಲ್ಲಾಡುತ್ತಿತ್ತು. ಅದು ದೇವರಿಗೆ ಹೇಳಿದ್ದೋ ಮಗಳಿಗೆ ಹೇಳಿದ್ದೋ ಆಸಿಫಾಗೆ ತಿಳಿಯಲಿಲ್ಲ.

ಮಂಗಳೂರಿನಲ್ಲಿ ಇಳಿದರೆ ಬಿಸಿಲು ಕಾದ ಹಂಚಿನಂತೆ. ಬಟ್ಟೆ ಅಂಗಡಿಗಳ ಮುಂದೆ ಹಬ್ಬದ ಜನ ಒಬ್ಬರ ಮೇಲೊಬ್ಬರು. ಆ ಗದ್ದಲದ ಹಿಂದಿನ ಓಣಿಯಲ್ಲಿ, ಮಹಡಿ ಮೆಟ್ಟಿಲ ಕೆಳಗಿನ ಗೂಡಿನಂಥ ಜಾಗದಲ್ಲಿ ರಫು ಮಾಡುವ ರಜಾಕ್ ಸಾಹೇಬರು ಕೂತಿದ್ದರು. ಸೀರೆಯನ್ನು ಬೆಳಕಿಗೆ ಹಿಡಿದು, ಸೆರಗಿನ ತುದಿಯ ಮಡಿಕೆಯಿಂದ ನೂಲೊಂದನ್ನು ಎಳೆದು ತೂತಿನ ಪಕ್ಕ ಇಟ್ಟು ನೋಡಿದರು.

"ಇದರದ್ದೇ ನೂಲು ಇದಕ್ಕೆ ಆಗಬೇಕು. ಹೊರಗಿಂದ ತಂದ್ರೆ ಬಣ್ಣ ಕೂಡುದಿಲ್ಲ. ಮೂರು ಗಂಟೆ ಬೇಕು. ಅವಸರ ಮಾಡುವವರಿಗೆ ನಾನು ಕೆಲಸ ಮಾಡುದಿಲ್ಲ."

ಜಮೀಲಾ ಮೆಟ್ಟಿಲಿಗೆ ಒರಗಿ ಕಣ್ಣು ಮುಚ್ಚಿದಳು. ಆಸಿಫಾ ಎದ್ದಳು, ಕೂತಳು, ಓಣಿಯ ತುದಿಗೆ ಹೋಗಿ ಬಂದಳು. ತಲೆಗೆ ಹೊದೆಯಲು ತನಗೊಂದು ಓಢನಿ ಕೊಳ್ಳಬೇಕೆಂದುಕೊಂಡದ್ದು ನೆನಪಾಯಿತು. ಅಂಗಡಿಯ ಬಾಗಿಲಿಗೆ ಹೋದವಳು ಕೈಯಲ್ಲಿ ಹಿಡಿದ ಬಟ್ಟೆಯ ಬಣ್ಣ ಯಾವುದೆಂದೂ ನೋಡದೆ ವಾಪಸಿಟ್ಟು ಬಂದಳು. ಬಾಯಿ ಒಣಗಿತ್ತು. ಸೂಜಿ ಒಳಗೆ ಹೋಗುವುದನ್ನು ನೋಡಲಿಕ್ಕೂ ಆಗದು, ನೋಡದೆ ಇರಲಿಕ್ಕೂ ಆಗದು.

"ಇರುವೆ ಗೂಡಿನ ಮೇಲೆ ಕೂತಿದ್ದೀಯಾ ಮಗಾ?" ಸಾಹೇಬರು ತಲೆ ಎತ್ತದೆ ಕೇಳಿದರು. "ಬೆಳಕಿಗೆ ಅಡ್ಡ ನಿಲ್ಲಬೇಡ."

ಮಧ್ಯಾಹ್ನ ಎರಡು ಗಂಟೆಯ ಹೊತ್ತಿಗೆ ಸೀರೆಯನ್ನು ಮಡಿಲ ಮೇಲೆ ಹರಡಿ, "ಎಲ್ಲಿತ್ತು ಹೇಳು ನೋಡುವ" ಎಂದರು. ಜಮೀಲಾ ಎರಡು ಸಲ ಕೈಯಾಡಿಸಿದರೂ ಸಿಗಲಿಲ್ಲ. ಆಸಿಫಾ ಒಂದೇ ಸಲಕ್ಕೆ ಬೆರಳಿಟ್ಟಳು.

"ನಿನಗೆ ಕಾಣ್ತದೆ. ಸುಟ್ಟವಳು ನೀನಲ್ವಾ?" ಸಾಹೇಬರು ನಕ್ಕರು. "ನಿನ್ನ ಉಮ್ಮನಿಗೆ ನಿದ್ದೆ ಬಂತು, ನಿನಗೆ ಬರಲಿಲ್ಲ. ನಾನು ಆಗಲೇ ತಿಳಿದೆ."

ಬಸ್ ಸ್ಟ್ಯಾಂಡಿಗೆ ಬಂದಾಗ ಊರಿನ ಕಡೆಯ ಬಸ್ಸು ನಿಂತಿತ್ತು. ಬಾಗಿಲಲ್ಲಿ ಜೇನು ಮುತ್ತಿದಂತೆ ಜನ. ಜಮೀಲಾಗೆ ಹುಟ್ಟಿದಾರಭ್ಯ ಗೊತ್ತಿದ್ದ ಉಪಾಯ ಒಂದೇ. ಮಲೆನಾಡಿನಲ್ಲಿ ಸೀಟು ಹಿಡಿಯುವುದು ಕಿಟಕಿಯಿಂದ. ಟವೆಲ್ಲೋ ಚೀಲವೋ ಒಳಗೆ ಹಾಕಿದರೆ ಅದು ನಮ್ಮ ಸೀಟು, ಆಮೇಲೆ ನಿಧಾನ ಬಾಗಿಲಿಗೆ ಹೋದರಾಯಿತು. ಅಲ್ಲಿ ಡ್ರೈವರು ಚಾ ಕುಡಿದು, ಎಲೆಯಡಿಕೆ ಹಾಕಿ ಬರುವಷ್ಟು ಹೊತ್ತು ಬಸ್ಸು ನಿಲ್ಲುತ್ತದೆ. ಮಗಳು ಬೇಡ ಎನ್ನುವಷ್ಟರಲ್ಲಿ ಅವಳು ಕಾಲ ತುದಿಯ ಮೇಲೆ ನಿಂತು ಸೀರೆಯ ಚೀಲವನ್ನು ಕಿಟಕಿಯೊಳಗೆ ತೂರಿಸಿಬಿಟ್ಟಿದ್ದಳು. ಇಬ್ಬರೂ ಹಿಂದಿನ ಬಾಗಿಲಿಗೆ ಬಳಸಿ ಬರುವುದರೊಳಗೆ ಕಂಡಕ್ಟರು ಸೀಟಿ ಊದಿದ. ಬಸ್ಸು ಹೊರಟೇಹೋಯಿತು.

"ಉಮ್ಮಾ!" ಆಸಿಫಾ ಕಿರುಚಿದಳು. "ಇದು ಕೊಪ್ಪ ಅಲ್ಲ! ಬುದ್ಧಿ ಬೇಡ್ವಾ ನಿಂಗೆ? ಕೈಯಲ್ಲಿ ಇಟ್ಕೊಳ್ಳಿಕ್ಕೆ ಏನಾಗಿತ್ತು?"

ಜನ ತಿರುಗಿ ನೋಡಿದರು. ಜಮೀಲಾಳ ಮುಖ ಸಣ್ಣಗಾಯಿತು. ನಾಲ್ಕು ದಿನ ತಾನು ಕಾದ ಬೈಗುಳ ತಾಯಿಯ ಬಾಯಿಂದಲ್ಲ, ತನ್ನ ಬಾಯಿಂದಲೇ ಬಂತು ಎಂಬುದು ಆಟೋ ಹತ್ತಿದ ಮೇಲೆ ಆಸಿಫಾಗೆ ಹೊಳೆಯಿತು.

ಆಟೋದವನಿಗೆ ಫೈಜಲ್ ಎಂದು ಹೆಸರು. "ಹೆದರಬೇಡಿ, ಹಬ್ಬದ ಟ್ರಾಫಿಕ್ಕಲ್ಲಿ ಬಸ್ಸು ಎಲ್ಲಿಗೆ ಹಾರ್ತದೆ?" ಎನ್ನುತ್ತ ಸಂದುಗೊಂದಿಗಳಲ್ಲಿ ನುಗ್ಗಿಸಿದ. ಆಸಿಫಾ ಮುಂದಿನ ಕಂಬಿ ಹಿಡಿದು ಅರ್ಧ ಎದ್ದು ನಿಂತೇ ಇದ್ದಳು. ನಂತೂರು ಸರ್ಕಲ್ಲಿನಲ್ಲಿ ವಾಹನಗಳ ಸಾಲು ಕಟ್ಟಿತ್ತು. ಸಾಲಿನ ನಡುವೆ ಆ ಬಸ್ಸು. ಇಬ್ಬರೂ ಬಿದ್ದು ಎದ್ದು ಓಡಿ ಬಾಗಿಲು ಹಿಡಿದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಆದರೆ ಇಬ್ಬರು ಕೂರುವ ಸೀಟೊಂದು ಖಾಲಿ. ಅದರ ಮೇಲೆ ಚೀಲ ಮಹಾರಾಜನ ಹಾಗೆ ಕೂತಿತ್ತು. ಪಕ್ಕದಲ್ಲಿ ಕಂಬಿ ಹಿಡಿದು ಬೆವರುತ್ತ ಒಬ್ಬ ಮುದುಕರು ನಿಂತಿದ್ದರು.

"ಬಂದ್ರಾ? ಇದು ನಿಮ್ದಾ?" ಕಂಡಕ್ಟರು ಕೇಳಿದ. "ಈ ಚೀಲಕ್ಕೆ ಫುಲ್ಲೋ ಹಾಫೋ ಅಂತ ಕೇಳಿದ್ದಕ್ಕೆ ಯಜಮಾನ್ರು ನನ್ನ ಮೇಲೇ ಎಗರಿದ್ರು. ಯಾರನ್ನೂ ಕೂರ್ಲಿಕ್ಕೆ ಬಿಡ್ಲಿಲ್ಲ!"

"ನೀವಾದ್ರೂ ಕೂರ್ಬೋದಿತ್ತಲ್ಲ ಅಜ್ಜಯ್ಯ" ಎಂದಳು ಜಮೀಲಾ.

"ಚೀಲ ಇಟ್ಟ ಸೀಟಲ್ಲಿ ಕೂರೋದುಂಟಾ ಮಾರಾಯ್ತಿ? ಹಾಕಿದವ್ರು ಬರ್ತಾರೆ ಅಂತ ನಿಂತೆ." ಅವರು ಕಡಹಿನಬೈಲಿನ ವೀರಪ್ಪ, ಆಸ್ಪತ್ರೆಯಲ್ಲಿದ್ದ ನೆಂಟರನ್ನು ನೋಡಿಕೊಂಡು ಊರಿಗೆ ಹೊರಟವರು. ಎಷ್ಟು ಹೇಳಿದರೂ ಸೀಟು ಬೇಡವೆಂದರು. ಕಾರ್ಕಳದಲ್ಲಿ ಜನ ಇಳಿದ ಮೇಲೇ ಅವರು ಕೂತದ್ದು. ಕೂತವರು ಎರಡೂ ಮೊಣಕಾಲನ್ನು ಮೆಲ್ಲಗೆ ಒತ್ತಿಕೊಳ್ಳುವುದನ್ನು ಆಸಿಫಾ ನೋಡಿದಳು.

ಘಾಟಿ ಹತ್ತುವಾಗ ಜಮೀಲಾ ತಗ್ಗಿದ ದನಿಯಲ್ಲಿ ಹೇಳಿದಳು, "ನಾನೇ ಸುಟ್ಟೆ ಅಂತೀನಿ. ನನ್ನ ಕೈ ನಡುಗ್ತದೆ ಅಂತ ಗಂಗಮ್ಮಂಗೆ ಗೊತ್ತುಂಟು. ನಿಂಗೆ ಇನ್ನೂ ಈ ಊರಲ್ಲಿ ಹೊಲಿದು ಬದುಕ್ಲಿಕ್ಕುಂಟು. ನೀನು ಬಾಯಿ ಬಿಡ್ಬೇಡ."

"ಉಪವಾಸದಲ್ಲಿ ಸುಳ್ಳು ಹೇಳ್ಬೋದಾ?"

"ಕೊಪ್ಪ ಮುಟ್ಟುವಾಗ ಉಪವಾಸ ಬಿಟ್ಟಾಗಿರ್ತದೆ, ಸುಮ್ನಿರು."

ಆಸಿಫಾಗೆ ನಗು ಬಂತು; ನಗುವಿನ ಹಿಂದೆಯೇ ಅಳುವೂ ಬಂತು. ಶೃಂಗೇರಿ ದಾಟಿದ ಮೇಲೆ ಹೊತ್ತು ಮುಳುಗಿತು. ಖರ್ಜೂರ ಬಾಯಿಗಿಟ್ಟು, ವೀರಪ್ಪನವರಿಗೂ ಎರಡು ಕೊಟ್ಟು, ಇಬ್ಬರೂ ನೀರು ಕುಡಿದರು. ಬಾಯಾರಿಕೆ ಹೋಯಿತು. ತಾಯಿಯ ಮಡಿಲಲ್ಲಿದ್ದ ಚೀಲವನ್ನು ಆಸಿಫಾ ತನ್ನ ಮಡಿಲಿಗೆ ಎಳೆದುಕೊಂಡಳು.

ಕೊಪ್ಪದಲ್ಲಿ ಇಳಿದವರು ಮನೆಗೆ ಹೋಗಲಿಲ್ಲ. ಆಸಿಫಾ ನೇರ ಗಂಗಾಂಬಿಕಮ್ಮನ ಜಗಲಿ ಹತ್ತಿದಳು. ಅವರು ದೇವರ ಮುಂದೆ ದೀಪ ಹಚ್ಚಿ ಹೊರಗೆ ಬರುತ್ತಿದ್ದರು.

"ಅರೆ, ಈಗ ಬಂದ್ರಾ? ಸೀರೆ ಆಯ್ತಾ? ನಾಳೆ ಕೊಟ್ರೂ ಆಗ್ತಿತ್ತು. ಮುಖ ಎಷ್ಟು ಬಾಡಿದೆ ಕೂಸೆ, ಕೂತ್ಕೋ, ಪಾನಕ ತರ್ತೀನಿ."

"ಗಂಗಮ್ಮ," ಎಂದು ಜಮೀಲಾ ಶುರುಮಾಡಿದಳು, "ಒಂದು ತಪ್ಪಾಯ್ತು. ನನ್ನ ಕೈ..."

"ಉಮ್ಮಾ, ಇರು."

ಆಸಿಫಾ ಜಗಲಿಯ ದೀಪದ ಕೆಳಗೆ ಸೆರಗಿನ ಮಡಿಕೆ ಬಿಡಿಸಿದಳು. "ಶುಕ್ರವಾರ ಇಸ್ತ್ರಿ ಮಾಡುವಾಗ ನಾನು ಫೋನ್ ನೋಡ್ದೆ. ಇದು ಸುಟ್ಟು ತೂತು ಬಿತ್ತು. ಮಂಗಳೂರಿಗೆ ಹೋಗಿದ್ದು ರಫು ಮಾಡಿಸ್ಲಿಕ್ಕೆ. ಸುಟ್ಟಿದ್ದು ನಾನು, ಉಮ್ಮ ಅಲ್ಲ."

ಗಂಗಾಂಬಿಕಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ತಾಯಿಯ ಸೀರೆಯ ಮೇಲೆ ಅವರ ಬೆರಳು ಆಚೆ ಈಚೆ ಹರಿದಾಡಿತು; ಏನೂ ಸಿಗಲಿಲ್ಲ. ಆಸಿಫಾ ಅವರ ಬೆರಳು ಹಿಡಿದು ಸುಟ್ಟ ಜಾಗದ ಮೇಲೆ ಇಟ್ಟಳು. ಅಲ್ಲೇ ಸ್ವಲ್ಪ ಹೊತ್ತು ಇಟ್ಟಿದ್ದಳು. ಆಮೇಲೆ ಸೀರೆಯನ್ನು ಇದ್ದ ಹಾಗೇ ಮಡಿಸಿ, ಎರಡೂ ಕೈಯಲ್ಲಿ ಹಿಡಿದು, ಅವರ ಕೈಗೆ ಕೊಟ್ಟಳು.