ಮೂರನೆಯ ಸಲ ಹೇಳಿದ ಹೆಸರು

ಶಿರಗುಪ್ಪಿಯ ಬ್ಯಾಂಕಿನಲ್ಲಿ ಸಮ್ಮೇದ ಕ್ಲಾರ್ಕ್ ಅನ್ನುವುದು ಬರೀ ಹೇಳಿಕೆಗೆ. ಇಪ್ಪತ್ತೆರಡು ವರ್ಷ ಒಂದೇ ಕುರ್ಚಿ ಸವೆಸಿದವನಿಗೆ ಯಾರ ಎಮ್ಮೆ ಯಾವಾಗ ಈದಿತು, ಯಾರ ಕಬ್ಬು ಯಾವ ಫ್ಯಾಕ್ಟರಿಗೆ ಹೋಯಿತು, ಯಾರ ಮಗಳಿಗೆ ಇಚಲಕರಂಜಿಯಿಂದ ವರ ಬಂತು ಎಲ್ಲ ಗೊತ್ತು. ಗೊತ್ತಿದ್ದು ಏನು ಮಾಡುವುದು, ಮಣ್ಣು! ಎರಡು ವರ್ಷದ ಹಿಂದೆ ಹೆಡ್ ಆಫೀಸಿನವರು ಕಂಪ್ಯೂಟರಿನ ಕಾರಭಾರವನ್ನೆಲ್ಲ ಯಾವುದೋ ಕಂಪನಿಗೆ ಗುತ್ತಿಗೆ ಕೊಟ್ಟುಬಿಟ್ಟರು. ಖಾತೆ ತಡೆಹಿಡಿಯುವವರೂ ಅವರೇ, ಬಿಡುವವರೂ ಅವರೇ. ಗ್ರಾಹಕರ ವಿವರ ಇರುತ್ತಿದ್ದ ಕಡೆ ಸಮ್ಮೇದನ ಪರದೆಯ ಮೇಲೆ ಈಗ ಬರೀ ಚುಕ್ಕೆಗಳು. ಕಂಪನಿ ಯಾವ ಊರಲ್ಲಿದೆ ಎಂದು ಶಾಖೆಯಲ್ಲಿ ಒಬ್ಬರಿಗೂ ತಿಳಿಯದು. ಒಂದು ಫೋನ್ ನಂಬರ್ ಇದೆ, ಅಷ್ಟೆ.

ಅವತ್ತು ಮಧ್ಯಾಹ್ನ ಮೂರಕ್ಕೆ ಲಗಮವ್ವ ಏದುಸಿರು ಬಿಡುತ್ತ ಬಂದಳು. ಕುರಿ ಕಾಯುವ ಮನೆತನದವಳು, ಐವತ್ತೈದರ ಆಸುಪಾಸು. ಅವಳ ಗಂಡ ಮೂರು ದಿನದಿಂದ ಮೀರಜಿನ ಆಸ್ಪತ್ರೆಯಲ್ಲಿದ್ದ. ಎದೆಯ ನಾಳ ಕಟ್ಟಿಕೊಂಡಿತ್ತು. ಆಪರೇಷನ್ ಮಾಡುವ ಡಾಕ್ಟರು ಪುಣೆಯಿಂದ ಹದಿನೈದು ದಿನಕ್ಕೊಮ್ಮೆ ಬರುವವರು, ಅವತ್ತೊಂದೇ ದಿನ ಇರುವವರು. ನಾಲ್ಕರೊಳಗೆ ಎರಡು ಲಕ್ಷ ಕಟ್ಟದಿದ್ದರೆ ಅವನ ಸರದಿ ಬೇರೆಯವರಿಗೆ. ಮತ್ತೆ ಹದಿನೈದು ದಿನ ಆ ಎದೆ ತಡೆಯುವುದಿಲ್ಲ ಎಂದು ಅಲ್ಲಿಯವರೇ ಬಾಯಿಬಿಟ್ಟು ಹೇಳಿದ್ದರು.

ರೊಕ್ಕ ಇರಲಿಲ್ಲವೇ? ಇತ್ತು! ಹಿಂಡಿಗೆ ಹಿಂಡೇ ಮಾರಿದ್ದಳು ಲಗಮವ್ವ. ಕೊಲ್ಹಾಪುರದ ವ್ಯಾಪಾರಿ ಹಿಂದಿನ ದಿನವೇ ಅವಳ ಖಾತೆಗೆ ಹಾಕಿದ್ದ. ಆದರೆ ಇಷ್ಟು ದಿನ ಐನೂರು ಆರುನೂರು ಇದ್ದ ಖಾತೆಗೆ ಒಮ್ಮೆಲೇ ಅಷ್ಟು ಬಂದದ್ದರಿಂದ ಕಂಪನಿಯ ಯಂತ್ರಕ್ಕೆ ಸಂಶಯ ಬಂತಂತೆ, ಖಾತೆಗೆ ಬೀಗ ಬಿತ್ತು.

“ಅಣ್ಣಾರ, ಮಾಳು ಅಲ್ಲಿ ಕೌಂಟರ್ ಮುಂದ ನಿಂತಾನ್ರಿ. ನೀವು ಇಲ್ಲಿಂದ ಬಟನ್ ಒತ್ತಿದ್ರ ಅಲ್ಲಿ ಜಮಾ ಆಗತೈತಂತ.” ಮಾಳು ಅವಳ ಮಗ.

“ನನ್ನ ಬಟನ್ ಎಲ್ಲಾ ಕಿತ್ತುಕೊಂಡ್ ಹೋಗ್ಯಾರ ಲಗಮಕ್ಕಾ,” ಎಂದ ಸಮ್ಮೇದ. ಮ್ಯಾನೇಜರ್ ಚಿಕ್ಕೋಡಿಗೆ ಮೀಟಿಂಗಿಗೆ ಹೋಗಿದ್ದರು. ಫೋನ್ ಮಾಡಿದರೆ, “ಕಂಪನಿಗೆ ಹಚ್ಚರಿ, ನನ್ನ ಕೈಯಾಗೇನೈತಿ?” ಎಂದು ಇಟ್ಟುಬಿಟ್ಟರು.

ಸಮ್ಮೇದ ಸ್ಪೀಕರ್ ಹಾಕಿ ಕಂಪನಿಗೆ ಫೋನ್ ಹಚ್ಚಿದ. ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ ಎಂದಿತು ಯಂತ್ರ. ಕನ್ನಡಕ್ಕೆ ಎರಡು ಒತ್ತಿರಿ ಎಂದಿತು. ಇಪ್ಪತ್ತು ನಿಮಿಷ ಸಂಗೀತ ಬಾರಿಸಿತು. ಹೊರಗೆ ಕಬ್ಬಿನ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ಫ್ಯಾಕ್ಟರಿಗೆ ಹೋಗುತ್ತಲೇ ಇದ್ದವು. ಕೊನೆಗೂ ಒಬ್ಬ ಹುಡುಗಿ ಲೈನಿಗೆ ಬಂದಳು.

“ನಮಸ್ಕಾರ, ನಾನು ಮಾಯಾ ಮಾತನಾಡುತ್ತಿರುವುದು. ಗ್ರಾಹಕರು ಒಂದು ಭದ್ರತಾ ಪ್ರಶ್ನೆಗೆ ಉತ್ತರಿಸಿದರೆ ಖಾತೆ ಈಗಲೇ ತೆರೆಯುತ್ತದೆ. ಮೂರು ಅವಕಾಶ ಇರುತ್ತದೆ.”

ಅಯ್ಯೋ, ಇಷ್ಟೇನಾ! ಸಮ್ಮೇದನಿಗೆ ಜೀವ ಬಂದಂತಾಯಿತು. ಫೋನನ್ನು ಲಗಮವ್ವನ ಮುಂದೆ ಇಟ್ಟ.

“ಅಮ್ಮಾ, ನಿಮ್ಮ ಪತಿಯ ಹೆಸರು ಹೇಳಿ.”

ಲಗಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮದುವೆಯಾಗಿ ಮೂವತ್ತೆಂಟು ವರ್ಷ, ಒಂದು ದಿನವೂ ಆ ಹೆಸರು ಅವಳ ನಾಲಿಗೆಯ ಮೇಲೆ ಬಂದದ್ದಿಲ್ಲ. ರೇಷನ್ ಅಂಗಡಿಯಲ್ಲಿ ಕೇಳಿದರೆ ಪಕ್ಕದವರು ಹೇಳುತ್ತಿದ್ದರು, ಓಟಿನ ದಿನ ಮಗ ಹೇಳುತ್ತಿದ್ದ. ಗಂಡನ ಹೆಸರು ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಅವ್ವ ಕಲಿಸಿದ್ದು. ಅಂಥದರಲ್ಲಿ ಇವತ್ತು, ಅವನು ಅಲ್ಲಿ ಹಾಗೆ ಮಲಗಿರುವಾಗ!

“ನಮ್ಮ ಮನ್ಯಾಗಿನವರ್ರಿ,” ಎಂದಳು ಸಣ್ಣಗೆ.

“ಕ್ಷಮಿಸಿ, ಉತ್ತರ ಸರಿಹೊಂದುತ್ತಿಲ್ಲ. ಇನ್ನೆರಡು ಅವಕಾಶ ಇದೆ.”

“ಅಲ್ಲವಾ ತಂಗಿ, ಅವರು ಗಂಡನ ಹೆಸರು ಹೇಳಂಗಿಲ್ಲ. ನಾ ಹೇಳತೇನಿ ತಗೋ,” ಎಂದು ಸಮ್ಮೇದ ನಡುವೆ ಬಾಯಿ ಹಾಕಿದ.

“ಗ್ರಾಹಕರ ಧ್ವನಿಯಲ್ಲೇ ಬರಬೇಕು ಸರ್. ನೀವು ಹೇಳಿಕೊಟ್ಟರೆ ಕರೆ ರದ್ದಾಗುತ್ತದೆ. ನನ್ನ ಕೈಯಲ್ಲಿ ಏನೂ ಇಲ್ಲ ಸರ್.” ಪಾಪ, ಆ ಹುಡುಗಿಯ ದನಿಯೂ ಸೋತಿತ್ತು.

ಮೂರೂವರೆ ದಾಟಿತ್ತು. ಸಮ್ಮೇದನಿಗೆ ಒಂದು ಯುಕ್ತಿ ಹೊಳೆಯಿತು. ಮದುವೆ ಸೀಮಂತಗಳಲ್ಲಿ ಹೆಂಗಸರು ಒಡಪು ಕಟ್ಟಿ ಅದರ ಕೊನೆಯಲ್ಲಿ ಗಂಡನ ಹೆಸರು ಪೋಣಿಸುತ್ತಾರಲ್ಲ, ಅದಕ್ಕೆ ದೋಷವಿಲ್ಲ. “ಒಡಪಿನ್ಯಾಗ ಹೇಳ ಲಗಮಕ್ಕಾ, ಅದು ನಡೀತೈತಿ,” ಎಂದು ಕಿವಿಯಲ್ಲಿ ಉಸುರಿದ. ಅವಳ ಮುಖ ಸ್ವಲ್ಪ ಸಡಿಲಾಯಿತು. ಸೆರಗು ಹೊದ್ದುಕೊಂಡು, ಕಣ್ಣು ಮುಚ್ಚಿ, ಮದುಮಗಳ ಹಾಗೆ ಮೆಲ್ಲಗೆ ಶುರುಮಾಡಿದಳು.

“ಹೊಳಿದಂಡಿಗುಂಟ ಹೊಂಟಾವ ಕುರಿ, ಕಾಣತೈತಿ ಊರ ದಾರಿ...”

“ಅಮ್ಮಾ, ಹೆಸರು ಮಾತ್ರ ಹೇಳಿ. ಕ್ಷಮಿಸಿ, ಸಮಯ ಮುಗಿಯಿತು. ಇನ್ನೊಂದೇ ಅವಕಾಶ.”

ಇವರ ಸಮಯಕ್ಕೆ ಬೆಂಕಿ ಹಾಕಲಿ! ಎರಡನೆಯ ಸಾಲು ಬರುವಷ್ಟು ತಡೆದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಸಮ್ಮೇದ ಹಲ್ಲು ಕಚ್ಚಿದ. ಮಾತಾಡಿದರೆ ಕರೆ ರದ್ದು. ಅಷ್ಟರಲ್ಲಿ ಲಗಮವ್ವನ ಮಡಿಲಲ್ಲಿದ್ದ ಫೋನ್ ಹೊಡೆದುಕೊಂಡಿತು. ಎತ್ತಿದರೆ ಮಾಳು.

“ಯವ್ವಾ, ಇನ್ನ ಇಪ್ಪತ್ತ ಮಿನಿಟ್ ಅಷ್ಟ ಅಂತ ಬೇ! ಇಲ್ಲಂದ್ರ ಮುಂದಿನವರ್ನ ಕರೀತಾರಂತ!”

ಲಗಮವ್ವ ಮಗನ ಫೋನ್ ಇಟ್ಟಳು. ಕೊರಳಲ್ಲಿನ ತಾಳಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದಳು. ಬಾಯಿ ಎರಡು ಸಲ ತೆರೆದು ಮುಚ್ಚಿತು. ಪಾಸ್‌ಬುಕ್ ಹಿಡಿದು ಸಾಲಿನಲ್ಲಿ ನಿಂತವರು ಕೂಡ ಕತ್ತು ಚಾಚಿ ಹತ್ತಿರ ಸರಿದರು.

“ಮಲಕಾರಿ,” ಎಂದಳು.

ಹೇಳಿದವಳೇ ಕೌಂಟರಿನ ಕಟ್ಟೆ ಹಿಡಿದು ಕುಸಿದು ಕೂತಳು. ಸಮ್ಮೇದನಿಗೆ ಕಣ್ಣು ತುಂಬಿ ಬಂತು. ಆಯಿತು, ದೊಡ್ಡ ಗಂಡಾಂತರ ಕಳೆಯಿತು ಎಂದುಕೊಂಡ.

“ಕ್ಷಮಿಸಿ ಅಮ್ಮಾ. ಉತ್ತರ ಸರಿಹೊಂದುತ್ತಿಲ್ಲ. ಖಾತೆ ಇಪ್ಪತ್ತನಾಲ್ಕು ಗಂಟೆ ಲಾಕ್ ಆಗಿದೆ. ಕರೆ ಮಾಡಿದ್ದಕ್ಕೆ ಧನ್ಯವಾದ.”

“ಏ, ಹೆಂಗ ಸರಿಹೊಂದಂಗಿಲ್ಲ? ಅವರ ಗಂಡ ಮಲಕಾರಿನ! ಊರಿಗೆ ಊರ ಬಲ್ಲದು!” ಸಮ್ಮೇದ ಕಿರುಚಿದ್ದು ಖಾಲಿ ಫೋನಿಗೆ.

ಹಿಂದಿನ ಕೋಣೆಗೆ ಓಡಿದ. ಕಂಪನಿಯವರು ಎಲ್ಲ ವಿವರ ತುಂಬಿಕೊಂಡದ್ದು ಹಳೆಯ ರಜಿಸ್ಟರುಗಳಿಂದಲೇ. ಧೂಳು ಕೊಡವಿ ಹಾಳೆ ಮಗುಚಿದ. ಇಪ್ಪತ್ತೆರಡು ವರ್ಷದ ಹಿಂದಿನ ಪುಟದಲ್ಲಿ ಲಗಮವ್ವನ ಹೆಬ್ಬೆಟ್ಟು, ಅದರ ಕೆಳಗೆ, ಗಂಡನ ಹೆಸರು: ಬೀರದೇವ. ಅಕ್ಷರ ದುಂಡಗೆ, ಚಂದಗೆ ಇದ್ದವು. ಸಮ್ಮೇದನದೇ ಅಕ್ಷರ.

ಎಲ್ಲ ನೆನಪಾಯಿತು. ಅವತ್ತೂ ಗಂಡನ ಹೆಸರು ಕೇಳಿದಾಗ ಅವಳು ಬಾಯಿ ಬಿಟ್ಟಿರಲಿಲ್ಲ. ಕಿಟಕಿಯಾಚೆ ದಿಬ್ಬದ ಮೇಲಿನ ಗುಡಿಯತ್ತ ಕೈ ತೋರಿಸಿ, “ಅಲ್ಲಿರೂ ನಮ್ಮ ದೇವರ ಹೆಸರ್ರಿ,” ಎಂದಿದ್ದಳು. ಕುರುಬರ ದೇವರೆಂದರೆ ಬೀರದೇವನೇ ಅಲ್ಲವೇ ಎಂದು ಇವನು ಬರೆದುಬಿಟ್ಟಿದ್ದ. ಬಸದಿಗೆ ಹೋಗುವ ಹೊಸ ಹುಡುಗನಿಗೆ ಆ ಗುಡಿಯೊಳಗೆ ಬೀರದೇವನ ಪಕ್ಕದಲ್ಲೇ ಮಲಕಾರಿಯೂ ಕೂತಿದ್ದಾನೆ ಎಂದು ಎಲ್ಲಿ ಗೊತ್ತಿತ್ತು? ಮುಖ ನೋಡಿ ವ್ಯವಹಾರ ಮಾಡುವ ಶಾಖೆಯಲ್ಲಿ ಆ ಹೆಸರನ್ನು ಮತ್ತೆ ಓದುವ ಪ್ರಸಂಗವೇ ಬಂದಿರಲಿಲ್ಲ.

ರಜಿಸ್ಟರು ಎತ್ತಿಕೊಂಡು ಹೊರಗೆ ಬಂದಾಗ ನಾಲ್ಕಕ್ಕೆ ಐದು ನಿಮಿಷ. ಸಮ್ಮೇದ ಜೇಬು ಖಾಲಿ ಮಾಡಿದ, ಕ್ಯಾಶಿಯರ್ ಕೊಟ್ಟ, ಸಾಲಿನಲ್ಲಿದ್ದವರು ಕೊಟ್ಟರು. ಎಲ್ಲ ಸೇರಿ ಇಪ್ಪತ್ತಾರು ಸಾವಿರ. ಲಗಮವ್ವ ಅದರ ಕಡೆ ನೋಡಲೂ ಇಲ್ಲ.

“ತಪ್ಪು ನಂದ ಐತಿ ಯಕ್ಕಾ. ನಾನ ತಪ್ಪು ಬರದೇನಿ,” ಎಂದು ಅವಳ ಮುಂದೆ ನೆಲದ ಮೇಲೆ ಕೂತ. ಬೈಯಲಿ, ಕಪಾಳಕ್ಕೆ ಹೊಡೆಯಲಿ ಎಂದು ಕಾದ.

ಅವಳು ಬೈಯಲಿಲ್ಲ. ಗೋಡೆಯ ಗಡಿಯಾರ ನಾಲ್ಕು ತೋರಿಸಿತು. ಮಡಿಲಲ್ಲಿನ ಫೋನ್ ಮತ್ತೆ ಹೊಡೆದುಕೊಳ್ಳತೊಡಗಿತು, ಅದನ್ನು ಅವಳು ಎತ್ತಲಿಲ್ಲ.

“ಅಣ್ಣಾರ, ಫೋನಿನ್ಯಾಗ ನಾವು ಆಡಿದ ಮಾತ ತುಂಬಿ ಇಟ್ಟುಕೊಳ್ತಾರಂತಲ್ರಿ?”

“ಹೌದ ಯಕ್ಕಾ. ರೆಕಾರ್ಡ್ ಆಗತೈತಿ.”

“ಹಂಗಾರ ರೊಕ್ಕ ಇರ್ಲಿ ಬಿಡ್ರಿ. ನಾ ಹಿಡದ ಹೆಸರರ ಅಳಸಾಕ ಹೇಳ್ರಿ. ಅಷ್ಟರ ಮಾಡ್ರಿ, ನಿಮ್ಮ ಕಾಲ ಬೀಳತೇನಿ. ಹೆಸರು ವಾಪಸ್ ಕೊಡಸ್ರಿ.”

ಸಮ್ಮೇದ ಎದ್ದ. ಆಗುವುದಿಲ್ಲ ಎಂದು ಗೊತ್ತಿತ್ತು, ಗೊತ್ತಿದ್ದೂ ನಂಬರ್ ತಿರುಗಿಸಿದ. ಈ ಕರೆಯನ್ನು ಧ್ವನಿಮುದ್ರಿಸಿಕೊಳ್ಳಲಾಗುತ್ತದೆ ಎಂದಿತು ಯಂತ್ರ. ಕನ್ನಡಕ್ಕೆ ಎರಡು ಒತ್ತಿರಿ ಎಂದಿತು. ಅವನು ಎರಡು ಒತ್ತಿದ.