ರೇಂಜ್ ರೋವರಿಗೆ ಪೂಜೆ

ಖಂಡೇನವಮಿಯ ದಿನ ವಾಹನಕ್ಕೆ ಪೂಜೆ ಮಾಡದೆ ನಾನು ಒಂದು ವರ್ಷವೂ ಕಳೆದವಳಲ್ಲ. ಧಾರವಾಡದಲ್ಲಿ ಅಪ್ಪನ ಸೈಕಲ್ಲಿತ್ತು, ಲಂಡನ್ನಿನ ಗ್ರೀನ್‌ಫರ್ಡಿಗೆ ಬಂದ ಮೇಲೆ ನಮ್ಮದೇ ಹಳೆಯ ಕಾರಿತ್ತು. ಈ ಸಲ ಮನೆಯಲ್ಲಿ ಉಳಿದದ್ದು ಊಟದ ಮೇಜಿನ ಮೇಲಿನ ರೇಂಜ್ ರೋವರ್ ಒಂದೇ. ಮೊಳಕ್ಕಿಂತ ತುಸು ಉದ್ದದ ಮಾದರಿ. ಹಳೆಯ ಕಾಲದ ಎರಡು ಬಾಗಿಲಿನದು, ಸಾಸಿವೆ ಬಣ್ಣ.

ಅದನ್ನು ಜೋಡಿಸಿದವರು ನಮ್ಮ ಯಜಮಾನರು, ಶಶಿಧರ. ಇಪ್ಪತ್ತಾರು ವರ್ಷ ಉಗ್ರಾಣದಲ್ಲಿ ಫೋರ್ಕ್‌ಲಿಫ್ಟ್ ಓಡಿಸಿದ ಮನುಷ್ಯನಿಗೆ ಲಕ್ವ ಹೊಡೆದು ಬಲಗೈ, ಬಲಗಾಲು ಬಿದ್ದುಹೋದವು. ಮಾತು ಒಂದೊಂದೇ ಶಬ್ದಕ್ಕೆ ಇಳಿಯಿತು. ಲೈಸೆನ್ಸ್ ಹೋಯಿತು, ಈ ವರ್ಷ ಕಾರೂ ಹೋಯಿತು. ಎಡಗೈಗಾದರೂ ಕೆಲಸ ಕೊಡಿ ಎಂದಳು ಥೆರಪಿಸ್ಟ್. ಮಗಳು ಅಂಕಿತಾ ಈ ಬಿಡಿಭಾಗಗಳ ಪೆಟ್ಟಿಗೆ ತಂದುಕೊಟ್ಟಳು.

ಹದಿನಾಲ್ಕು ತಿಂಗಳು ಹಿಡಿಯಿತು. ಎಳ್ಳಿನಷ್ಟು ಸ್ಕ್ರೂ ಎಡಗೈಯಲ್ಲಿ ಹಿಡಿಯುವುದು, ಬೀಳಿಸುವುದು, ನಾನು ಬಗ್ಗಿ ಹುಡುಕಿಕೊಡುವುದು. “ಈ ವಯಸ್ಸಿನಾಗ ಆಟಿಗಿ ಸಾಮಾನು ಹಿಡಕೊಂಡು ಕೂತೀರಿ” ಎಂದು ಹಂಗಿಸಿದ್ದೂ ಉಂಟು. ಕಾರು ಮುಗಿದ ದಿನ ತಾವೂ ಎದ್ದು ಓಡಾಡುತ್ತೇವೆ ಎಂದು ಅವರು ನಂಬಿದ್ದರು. ನಾನೂ ಒಳಗೊಳಗೇ ನಂಬಿದ್ದೆ. ಇನ್ನು ಹಿಂಬಾಗಿಲು ಕೂಡಿಸುವುದಷ್ಟೇ ಬಾಕಿಯಿತ್ತು.

ಬೆಳಿಗ್ಗೆ ಅವರಿಗೆ ಸ್ನಾನ ಮಾಡಿಸಿ ಕೂರಿಸಿದೆ. ಬಾನೆಟ್ಟಿಗೆ ಅರಿಷಿಣ, ಕುಂಕುಮ ಹಚ್ಚಿ ಚೆಂಡುಹೂ ಇಟ್ಟೆ. ಅವರು ಬಾಯಿಯ ಒಂದೇ ಕಡೆಯಿಂದ ನಗುತ್ತಿದ್ದರು. ಮುಂದಿನ ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟಾಗ ನಗು ನಿಂತಿತು.

“ಬ್ಯಾಡ.”

“ನಿಂಬಿಹಣ್ಣು ಒಡೀಲಾರದ ಪೂಜಾ ಹೆಂಗ ಮುಗೀತದರಿ? ದೃಷ್ಟಿ ಆಗ್ತದ.”

“ಬ್ಯಾಡ, ವತ್ಸಲಾ.”

ವರ್ಷದ ಮೇಲೆ ಅವರ ಬಾಯಲ್ಲಿ ನನ್ನ ಹೆಸರು ಬಂದಿತ್ತು. ಆ ಸಂತೋಷದಲ್ಲಿ ಅವರು ಬೇಡವೆಂದದ್ದನ್ನೇ ಮರೆತೆ.

ನೂಕಿದೆ. ಹಣ್ಣು ಜಗ್ಗಲಿಲ್ಲ. ನನ್ನ ಹಟ ಕೇಳಬೇಕೆ, ಛಾವಣಿಯ ಮೇಲೆ ಅಂಗೈಯಿಟ್ಟು ಮೈಭಾರ ಹಾಕಿ ಒತ್ತಿದೆ. ಟಕ್ ಎಂದಿತು. ಮುಂದಿನ ಅಚ್ಚು ಎರಡು ತುಂಡಾಗಿ, ಗಾಲಿಗಳು ಆಚೀಚೆ ವಾಲಿ, ಕಾರು ಮೂಗು ಮೇಜಿಗೂರಿ ಕೂತಿತು. ಹಣ್ಣಿಗೆ ಏನೂ ಆಗಿರಲಿಲ್ಲ.

ಬೈಯಲಿ ಎಂದು ಕಾದೆ. ಸಾರಿಗೆ ಉಪ್ಪು ಹೆಚ್ಚಾದರೆ ಮನೆ ಹಾರಿಹೋಗುವಂತೆ ಕೂಗಾಡುತ್ತಿದ್ದ ಮನುಷ್ಯ. ಸ್ಕ್ರೂಡ್ರೈವರನ್ನು ನನ್ನ ಕಡೆ ಸರಿಸಿ ಕಣ್ಣು ಮುಚ್ಚಿಕೊಂಡರು.

“ಇಟ್ಸ್ ಜಸ್ಟ್ ಒನ್ ಪಾರ್ಟ್, ಮಮ್. ಐ ವಿಲ್ ಆರ್ಡರ್ ಇಟ್,” ಎಂದಳು ಅಂಕಿತಾ ಫೋನಿನಲ್ಲಿ. ವಾರದೊಳಗೆ ಹೊಸ ಅಚ್ಚು ಬಂತು. ಅವರ ಎಡಗೈ ಹಿಡಿದು ಅದರ ಮೇಲಿಟ್ಟೆ.

“ತಪ್ಪಾತ್ರಿ. ಇನ್ನೊಮ್ಮೆ ಕೂಡಸ್ರಿ.”

ಕೈ ಹಿಂದೆಗೆದುಕೊಂಡರು. ಥೆರಪಿಸ್ಟ್ ಬಂದು ಕೈ ಎತ್ತಿ ಎಂದರೂ ಎತ್ತಲಿಲ್ಲ. ಕೈಗೇನೂ ಆಗಿಲ್ಲ, ಅವರಿಗೇ ಬೇಡವಾಗಿದೆ ಎಂದು ಬಾಗಿಲಲ್ಲಿ ನಿಂತು ನನಗೆ ಹೇಳಿ ಹೋದಳು.

ಅಂದು ಮಧ್ಯಾಹ್ನ ಹಾಲಿನಲ್ಲಿ ರೊಟ್ಟಿ ನೆನೆಸಿ, ಬಟ್ಟಲಿಗೆ ಚಮಚ ಹಾಕಿ ಮುಂದಿಟ್ಟೆ. ವರ್ಷದಿಂದ ತಾವೇ ಉಣ್ಣುತ್ತಿದ್ದವರು ಚಮಚ ಮುಟ್ಟಲಿಲ್ಲ. ನನ್ನ ಕಡೆ ತಿರುಗಿ ಬಾಯಿ ತೆರೆದರು. ಕಣ್ಣಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ತುತ್ತು ಮಾಡಿ ಉಣಿಸಿದೆ.