ಗೌರಿಯ ಗಂಟಲಿಗೆ ಹಾಕಿದ ಕೈ

ಆ ದಿನ ಬೆಳಿಗ್ಗೆ ಕಮ್ಮರಡಿಯಲ್ಲಿ ಮಳೆ ಹೊಳವಾಗಿತ್ತು. ವಾರದಿಂದ ಮುಖ ತೋರಿಸದ ಸೂರ್ಯನಾರಾಯಣ ಗುಡ್ಡದ ಮೇಲೆ ಇಣುಕಿದ್ದ. ಒದ್ದೆ ಅಂಗಳದಿಂದ ಆವಿ ಏಳುತ್ತಿತ್ತು. ಅಂಥ ಒಳ್ಳೆಯ ಹೊತ್ತಿನಲ್ಲಿ ಪ್ರೇಮಕ್ಕನ ಕಡಸು ಗೌರಿ ಮೇವು ಮುಟ್ಟದೆ, ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಕೂಗುತ್ತಿತ್ತು. ಗಂಜಿ ಕುಡಿಸಲು ಹೋದರೆ ಅದೂ ಹೊರಗೇ ಬಂತು.

"ನಿನ್ನೆ ಹಲಸಿನ ಹಣ್ಣಿನ ನಡುವಿನ ಗೂಂಜು ಹಾಕಿದ್ದೆ. ಗಂಟಲಿಗೆ ಸಿಕ್ಕಿರ್ಬೇಕು. ಒಂಚೂರು ಬಾ ಸುಬ್ಬರಾಯಣ್ಣ" ಎಂದು ಪ್ರೇಮಕ್ಕ ಪಕ್ಕದ ಮನೆಗೆ ಕೂಗಿದಳು.

ಊರಿನಲ್ಲಿ ಯಾವ ದನದ ಗಂಟಲಿಗೆ ಏನು ಸಿಕ್ಕಿದರೂ ಸುಬ್ಬರಾಯನನ್ನೇ ಕರೆಯುವುದು. ಅವನ ತೋಳು ಉದ್ದ, ಬೆರಳು ಸಪೂರ. ಬಂದವನೇ ಅಪ್ಪನ ಕಾಲದ ಬೆಳ್ಳಿ ಉಂಗುರ ಕಳಚಿ ಪ್ರೇಮಕ್ಕನ ಕೈಗಿಟ್ಟ. ದೇವರನ್ನು ನೆನೆದು ಗೌರಿಯ ಗಂಟಲಿಗೆ ಕೈ ಇಳಿಸಿ ತಡಕಾಡಿದ. ಗೂಂಜೂ ಇಲ್ಲ, ಬೀಜವೂ ಇಲ್ಲ.

ಮಧ್ಯಾಹ್ನ ದನದ ಡಾಕ್ಟರು ಬಂದರು. ಕಡಸನ್ನು ದೂರದಿಂದಲೇ ನೋಡಿ, "ಇದಕ್ಕೆ ನಾಯಿ ಕಚ್ಚಿತ್ತಾ?" ಎಂದರು.

"ಹೋದ ತಿಂಗಳು ಗುಡ್ಡದಲ್ಲಿ ಮೇಯುವಾಗ ಎಲ್ಲಿಂದಲೋ ಬಂದ ನಾಯಿ ಮೂತಿಗೆ ಬಾಯಿ ಹಾಕಿತ್ತು. ಅರಿಶಿನ ಹಚ್ಚಿದ್ದೆ."

"ಹಾಗಾದ್ರೆ ಗಂಟಲಲ್ಲಿ ಏನೂ ಸಿಕ್ಕಿಲ್ಲಮ್ಮ. ನುಂಗೋಕೇ ಆಗ್ತಿಲ್ಲ. ಹುಚ್ಚುನಾಯಿ ರೋಗದ ಲಕ್ಷಣ ಇದು. ಇದಕ್ಕಿನ್ನು ಔಷಧಿ ಇಲ್ಲ. ಇದರ ಬಾಯಿಗೆ ಕೈ ಹಾಕಿದೋರು ಯಾರು?"

ಸುಬ್ಬರಾಯನ ಕೈ ತಾನಾಗಿ ಬೆನ್ನ ಹಿಂದೆ ಹೋಯಿತು.

ಡಾಕ್ಟರು ಅವನನ್ನು ನಲ್ಲಿಯ ಕೆಳಗೆ ನಿಲ್ಲಿಸಿ ಕಾಲು ಗಂಟೆ ಸೋಪು ಹಚ್ಚಿ ತೊಳೆಸಿದರು. "ಇವತ್ತೇ ಕೊಪ್ಪದ ಆಸ್ಪತ್ರೆಗೆ ಹೋಗಿ. ನಾಳೆ ಅನ್ಬೇಡಿ" ಎಂದು ಹೇಳಿ ಹೊರಟರು.

ಅವರ ಜೀಪು ತಿರುವು ದಾಟುತ್ತಲೇ ಸುಬ್ಬರಾಯ ತನ್ನ ಮನೆಯ ಜಗಲಿಯ ಮೇಲೆ ಕುಳಿತ. "ಕಚ್ಚಿದ್ರೆ ಅಲ್ವಾ ಮಾರಾಯ್ತಿ ಸೂಜಿ? ಗೌರಿ ನನ್ನನ್ನ ಕಚ್ಚಲೇ ಇಲ್ಲ. ಹೊಕ್ಕುಳ ಸುತ್ತ ಹದಿನಾಲ್ಕು ಚುಚ್ಚಿಸ್ಕೊಳ್ಳೋಕೆ ನಂಗೆಂತ ಗ್ರಹಚಾರ? ಕೈ ನೋಡು, ಒಂದು ಗೀರೂ ಇಲ್ಲ."

ಪ್ರೇಮಕ್ಕ ನೋಡಿದಳು. ಉಂಗುರ ಇದ್ದ ಜಾಗದಲ್ಲಿ ಚರ್ಮ ಮಳೆನೀರಿಗೆ ನೆನೆದು ಬೆಳ್ಳಗಾಗಿ, ಬಿರಿದು, ಒಳಗಿನ ಕೆಂಪು ಕಾಣುತ್ತಿತ್ತು.

"ಇದೆಂತ?"

ಸುಬ್ಬರಾಯ ಬೆರಳು ಮಡಚಿಕೊಂಡ. ಆಮೇಲೆ, "ಉಂಗುರ ಕೊಡು" ಎಂದ.

"ಕೊಡೋದಿಲ್ಲ. ಎಲ್ಲ ಸೂಜಿ ಆಗ್ಲಿ, ಆಮೇಲೆ ಕೊಡೋದು. ನನ್ನ ಕಡಸಿಗಾಗಿ ಹಾಕಿದ ಕೈ ಅದು. ಅದಕ್ಕೆ ಏನಾದ್ರೂ ಆದ್ರೆ ಗೋದಾವರಿಗೆ ನಾನು ಹೇಗೆ ಮುಖ ತೋರಿಸ್ಲಿ? ಏಳು, ಬಸ್ಸು ಬರ್ತದೆ."

ಮನೆಯೊಳಗಿಂದ ಅವನ ಹೆಂಡತಿ ಗೋದಾವರಿ ಆಗಲೇ ಕೊಡೆ ತಂದು ಬಾಗಿಲಲ್ಲಿ ನಿಂತಿದ್ದಳು.

ಪ್ರೇಮಕ್ಕನೂ ಅವನ ಜೊತೆ ಬಸ್ಸು ಹತ್ತಿದಳು. ಆಸ್ಪತ್ರೆಯಲ್ಲಿದ್ದದ್ದು ಡಾಕ್ಟರ್ ಸೌಜನ್ಯ. ಸುಬ್ಬರಾಯನ ಬೆರಳನ್ನು ಬೆಳಕಿಗೆ ಹಿಡಿದು ನೋಡಿದರು. "ಇಷ್ಟು ಬಿರುಕು ಸಾಕು. ಜೊಲ್ಲಿನಲ್ಲಿ ಆ ವೈರಸ್ ಇದ್ರೆ ಇಲ್ಲಿಂದ ಒಳಗೆ ಹೋಗಿ ನರ ಹಿಡಿದು ಹತ್ತುತ್ತೆ, ಬಳ್ಳಿ ಮೇಲೆ ಇರುವೆ ಹತ್ತಿದ ಹಾಗೆ. ನಿಮಗೆ ಗೊತ್ತೇ ಆಗೋದಿಲ್ಲ. ಅದು ಹೋಗೋದು ಮೆದುಳಿಗೆ."

"ನಮ್ಮ ಮೈಯಲ್ಲಿ ಕಾವಲಿಗೆ ಯಾರೂ ಇಲ್ವಾ?"

"ಇದ್ದಾರೆ. ಆದ್ರೆ ಮೆದುಳು ಅಂದ್ರೆ ಗರ್ಭಗುಡಿ ಇದ್ದ ಹಾಗೆ. ಕಾವಲಿನವರೂ ಅಲ್ಲಿಗೆ ಸುಲಭವಾಗಿ ಹೋಗೋ ಹಾಗಿಲ್ಲ. ಕಳ್ಳ ಮೊದಲೇ ಒಳಗೆ ಸೇರಿಬಿಟ್ರೆ ಮುಗೀತು. ಪ್ರಾಕಾರದಲ್ಲೇ ಹಿಡೀಬೇಕು. ಸೂಜಿಯಲ್ಲಿ ಇರೋದು ಸತ್ತ ವೈರಸ್. ಅದನ್ನ ನೋಡಿ ಕಾವಲಿನವರು ಮುಖ ಗುರುತು ಮಾಡ್ಕೊಳ್ತಾರೆ. ಕಲಿಯೋಕೆ ಒಂದು ವಾರ, ಹತ್ತು ದಿನ ಹಿಡೀತದೆ. ಅಲ್ಲೀವರೆಗೆ ಗಾಯದ ಹತ್ರವೇ ಸೀರಮ್ ಕೊಡ್ತೇನೆ. ಅದು ಎರವಲು ಕಾವಲು."

"ನನ್ನ ತೋಳು ಉದ್ದ ಇದೆಯಲ್ಲ, ಕಳ್ಳನಿಗೆ ದಾರಿ ದೂರ ಆಯ್ತು ಹಾಗಾದ್ರೆ."

"ದೂರ ಅಂತ ಕೂತ್ಕೋಬೇಡಿ. ತೋಳು ಕೊಡಿ. ಹೊಕ್ಕುಳ ಸುತ್ತ ಚುಚ್ಚೋ ಕಾಲ ಹೋಯ್ತು."

ಪ್ರೇಮಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಡಾಕ್ಟರು ಅವಳತ್ತ ತಿರುಗಿದರು. "ಕಡಸಿನ ಜೊಲ್ಲು ನೀವೂ ಮುಟ್ಟಿದ್ರಾ?"

"ಗಂಜಿ ಕುಡಿಸೋಕೆ ಹೋಗಿದ್ದೆ."

"ಹೆಬ್ಬೆರಳಿಗೆ ಏನಾಯ್ತು?"

"ಹಲಸು ಹೆಚ್ಚುವಾಗ ಕತ್ತಿ ತಾಗಿತ್ತು…"

"ನೀವೂ ಕೂತ್ಕೊಳ್ಳಿ."

ಈಗ ನಗುವ ಸರದಿ ಸುಬ್ಬರಾಯನದಾಯಿತು.

ಗೌರಿ ಮೂರು ದಿನದಲ್ಲಿ ಹೋಯಿತು. ಆಳದ ಗುಂಡಿ ತೆಗೆದು, ಬರಿಗೈಯಲ್ಲಿ ಮುಟ್ಟದೆ ಮಣ್ಣು ಮಾಡಿದರು. ಪ್ರೇಮಕ್ಕ ಅಲ್ಲೊಂದು ದಾಸವಾಳದ ಗಿಡ ನೆಟ್ಟಳು. ಸೂಜಿಗೆ ಹೇಳಿದ ದಿನ ತಪ್ಪಿಸದೆ ಇಬ್ಬರೂ ಬಸ್ಸು ಹತ್ತಿದರು. ನಡುವೆ ಒಮ್ಮೆ ಸುಬ್ಬರಾಯ, "ಆರಾಮ ಇದ್ದೇನಲ್ಲ, ಸಾಕಲ್ವಾ?" ಎಂದು ನೋಡಿದ. "ಉಂಗುರ ಬೇಡ್ವಾ?" ಎಂದಳು ಪ್ರೇಮಕ್ಕ. ಅವನು ಚಪ್ಪಲಿ ಮೆಟ್ಟಿದ.

ಓದುವ ಅಕ್ಕಂದಿರೇ, ಅಣ್ಣಂದಿರೇ, ಮೇವು ಬಿಟ್ಟು ಜೊಲ್ಲು ಸುರಿಸುವ ದನದ ಬಾಯಿಗೆ ಕೈ ಹಾಕಬೇಡಿ. ದನದ ಡಾಕ್ಟರನ್ನು ಕರೆಯಿರಿ. ನಾಯಿಯೋ ಬೆಕ್ಕೋ ಕಚ್ಚಿದರೆ, ಪರಚಿದರೆ, ಅಥವಾ ಕಾಯಿಲೆ ಬಿದ್ದ ಪ್ರಾಣಿಯ ಜೊಲ್ಲು ಗಾಯಕ್ಕೆ ತಾಗಿದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ ಕಾಲು ಗಂಟೆ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ಒಂದು ಸೂಜಿಯನ್ನೂ ಬಿಡಬೇಡಿ. ರೋಗ ಕಾಣಿಸಿಕೊಂಡ ಮೇಲೆ ಉಳಿಸುವುದು ಯಾರ ಕೈಯಲ್ಲೂ ಇಲ್ಲ. ಅದಕ್ಕೆ ಮೊದಲು ಉಳಿಯುವುದು ನಮ್ಮ ಕೈಯಲ್ಲೇ ಇದೆ.

ಕೊನೆಯ ಸೂಜಿಯ ದಿನ ಸಂಜೆ ಸುಬ್ಬರಾಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ. ಬೆರಳಿನ ಬಿರುಕು ಪೂರಾ ಮಾಗಿತ್ತು. ಪ್ರೇಮಕ್ಕ ಬಂದಳು. ಅರಿಶಿನದ ಡಬ್ಬಿಯಲ್ಲಿಟ್ಟು ಹಳದಿಯಾಗಿದ್ದ ಉಂಗುರವನ್ನು ಸೆರಗಿನಲ್ಲಿ ಒರೆಸಿ, ಅವನ ಲೋಟದ ಪಕ್ಕ ಇಟ್ಟು ಹೋದಳು.